ಐದನೆಯವಳು

ಪೇಂಟ್‌ಬಾಲ್ ತಂಡಕ್ಕೆ ಹೆಸರು ಕೊಡಿ ಎಂಬ ಕಾಗದ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹದಿನೈದು ದಿನ ತೂಗಿದರೂ ನಾಲ್ಕೇ ಹೆಸರು ಬಂದಿದ್ದವು. ಐದು ಜನರಿಲ್ಲದೆ ಸ್ಪರ್ಧೆಗೆ ಸೇರಿಸಿಕೊಳ್ಳುವುದಿಲ್ಲ. ಕೊನೆಯ ದಿನ ಮಧ್ಯಾಹ್ನ ಎರಡನೇ ವರ್ಷದ ಹುಡುಗಿಯೊಬ್ಬಳು ವ್ಯಾಯಾಮ ಮೇಷ್ಟ್ರ ಕೋಣೆಗೆ ಬಂದು, "ನನ್ನ ಹೆಸರೂ ಬರ್ಕೊಳ್ಳಿ ಸರ್" ಎಂದಳು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ, ಮೂಲೆಯಲ್ಲಿ ಮಾಸ್ಕುಗಳ ಪಟ್ಟಿ ಸರಿಮಾಡುತ್ತ ಕೂತಿದ್ದವನ ಮೇಲೆ ಅವಳ ಕಣ್ಣು ಬಿತ್ತು. ಅವಳ ದೊಡ್ಡಪ್ಪನ ಮಗ. ತಂಡದ ನಾಯಕನೂ ಅವನೇ.

"ಇವಳು ಬೇಡ ಸರ್" ಎಂದ ಅವನು, ತಲೆ ಎತ್ತದೆ.

"ಹಾಗಾದ್ರೆ ಐದನೆಯವರನ್ನ ನೀನೇ ಹೆತ್ತು ತಾ" ಎಂದರು ಮೇಷ್ಟ್ರು. ಹೆಸರು ಬರೆದುಕೊಂಡರು.

ಅವನಿರುವುದು ಗೊತ್ತಿದ್ದರೆ ಅವಳು ಆ ಕೋಣೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಆದರೆ ಬೇಡ ಎಂದು ಅವನು ಹೇಳಿದ ಮೇಲೆ ಹಿಂದಕ್ಕೆ ಹೋಗುವುದು ಸಾಧ್ಯವೇ ಇರಲಿಲ್ಲ. ಅವನು ಬಿಟ್ಟು ಹೋಗಲಿ ಎಂದು ಇವಳು, ಇವಳು ಬಿಟ್ಟು ಹೋಗಲಿ ಎಂದು ಅವನು, ಹೀಗೆ ಇಬ್ಬರೂ ಉಳಿದುಕೊಂಡರು.

ಎರಡು ಮನೆಗಳ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಎರಡು ಮನೆ ಎಂದರೆ ಒಂದೇ ಮನೆ: ಮೇಲಿನ ಅಂತಸ್ತಿನಲ್ಲಿ ದೊಡ್ಡಪ್ಪನವರು, ಕೆಳಗೆ ಇವರು. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದ ಲೇತ್ ವರ್ಕ್‌ಶಾಪು ಪಾಲಾದಾಗ ದೊಡ್ಡಪ್ಪ ಯಂತ್ರ ತನ್ನದೆಂದು ಹಟ ಹಿಡಿದ, ಅಪ್ಪ ಜಾಗ ತನ್ನದೆಂದು ಹಟ ಹಿಡಿದ. ಇಬ್ಬರ ಹಟವೂ ಗೆದ್ದಿತು. ಯಂತ್ರ ಸಿಕ್ಕವನಿಗೆ ಇಡಲು ಜಾಗವಿಲ್ಲ, ಜಾಗ ಸಿಕ್ಕವನಿಗೆ ತಿರುಗಿಸಲು ಯಂತ್ರವಿಲ್ಲ. ಈಗ ಇಬ್ಬರೂ ಬೇರೆಯವರ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಜಗಳಕ್ಕೆ ಉಳಿದದ್ದು ಮಹಡಿ ಮೆಟ್ಟಿಲೊಂದೇ. ಅದರ ಕೆಳಗೆ ಅಮ್ಮ ಪೊರಕೆ ಇಟ್ಟರೆ ದೊಡ್ಡಮ್ಮ ಬೀದಿಗೆಸೆಯುತ್ತಿದ್ದಳು. ದೊಡ್ಡಮ್ಮ ಮೇಲೆ ಒರಳು ಎಳೆದಾಡಿದರೆ ಅಮ್ಮ ಕೋಲಿನಿಂದ ಸೂರಿಗೆ ಕುಟ್ಟುತ್ತಿದ್ದಳು.

ಅಭ್ಯಾಸ ನಡೆಯುತ್ತಿದ್ದದ್ದು ಕಾಲೇಜಿನ ಹಿಂದಿನ ಬಯಲಿನಲ್ಲಿ. ಗಾಳಿ ತುಂಬಿದ ದೊಡ್ಡ ದಿಂಬುಗಳನ್ನು ಅಲ್ಲಲ್ಲಿ ನಿಲ್ಲಿಸಿ, ಅವುಗಳ ಮರೆಯಿಂದ ಬಣ್ಣದ ಗುಂಡು ಹೊಡೆಯುವ ಆಟ. ಮೈಮೇಲೆ ಎಲ್ಲಿಯಾದರೂ ಒಂದು ಗುಂಡು ಒಡೆದು ಬಣ್ಣ ಹತ್ತಿತೋ, ಅವನು ಔಟು. ಗನ್ನು ಎತ್ತಿ ಹೊರಗೆ ನಡೆಯಬೇಕು. ಎದುರಾಳಿಗಳನ್ನೆಲ್ಲ ಕಳಿಸಿ ಅವರ ಕಡೆಯ ಬಜರಿನ ಗುಂಡಿ ಒತ್ತಿದವರಿಗೆ ಆ ಸುತ್ತು, ಮೊದಲು ಮೂರು ಸುತ್ತು ಗೆದ್ದವರಿಗೆ ಪಂದ್ಯ. ಮೈದಾನದ ಒಂದು ಅಂಚಿನಲ್ಲಿ ಮೊಣಕಾಲೆತ್ತರದ ದಿಂಬುಗಳ ಉದ್ದ ಸಾಲೊಂದಿರುತ್ತದೆ. ಅಲ್ಲಿ ಆಡುವವರು ಎದ್ದು ನಿಲ್ಲುವಂತಿಲ್ಲ, ಹೊಟ್ಟೆಯ ಮೇಲೆ ತೆವಳಬೇಕು. ಆ ಜಾಗ ಯಾರಿಗೂ ಬೇಡವಾಗಿತ್ತು. ದೊಡ್ಡಪ್ಪನ ಮಗ ಅದನ್ನು ಅವಳಿಗೆ ಕೊಟ್ಟ. ವಾರದೊಳಗೆ ಅವಳಿಗೆ ಹಲ್ಲಿ ಎಂಬ ಹೆಸರು ಬಿತ್ತು.

ಅವನನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಅವನು ಯಾರ ಮಾತನ್ನೂ ಕೇಳಿದವನಲ್ಲ. ಉಳಿದ ಮೂವರಲ್ಲಿ ಒಬ್ಬ ದಪ್ಪಗೆ, ನಿಧಾನಕ್ಕೆ, ನಡುವಿನ ದಿಂಬಿನ ಹಿಂದೆ ಬೇರೂರಿ ನಿಲ್ಲುವವನು, ಅವನು ಗುಡಾಣ. ಇನ್ನಿಬ್ಬರು ಹಾಸ್ಟೆಲ್ಲಿನ ಒಂದೇ ಕೋಣೆಯವರು, ಕೂತರೂ ನಿಂತರೂ ಒಟ್ಟಿಗೇ. ಅವರನ್ನು ಜೋಡೆತ್ತು ಎಂದರೆ ಇಬ್ಬರೂ ಒಟ್ಟಿಗೆ ಓಗೊಡುತ್ತಿದ್ದರು.

ಮೂರನೆಯ ವಾರ, ಅವಳು ಸಾಲಿನಲ್ಲಿ ತೆವಳುತ್ತಿದ್ದಾಗ ಬೆನ್ನಿಗೆ ಹಿಂದಿನಿಂದ ಗುಂಡುಗಳು ಬಿದ್ದವು. ಒಂದಲ್ಲ, ನಾಲ್ಕು. ಹೊಡೆದವನು ಆರಡಿ ದೂರದಲ್ಲಿ ನಿಂತಿದ್ದ, ಅವಳದೇ ತಂಡದಲ್ಲಿ.

"ಕೈ ಜಾರ್ತು" ಎಂದ ಧಣಿ.

"ನಾಲ್ಕು ಸಲ ಜಾರ್ತಾ?"

"ತಡ್ಕೊಳೋಕೆ ಆಗದಿದ್ರೆ ಮನೆಗೆ ಹೋಗು. ದಾರಿ ಗೊತ್ತಲ್ಲ."

ಅವಳು ಹೋಗಲಿಲ್ಲ. ಆದರೆ ಸ್ನಾನ ಮುಗಿಸಿ ಬಂದಾಗ ಬೆನ್ನ ಮೇಲಿನ ನೀಲಿ ಬಾಸುಂಡೆಗಳನ್ನು ಅಮ್ಮ ನೋಡಿಬಿಟ್ಟಳು. ಅಪ್ಪ ಒಂಬತ್ತು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದ. ಮೇಲೆ ಬಾಗಿಲು ತೆರೆದ ಸದ್ದು, ಆಮೇಲೆ ಎರಡು ಗಂಟಲು ಒಟ್ಟಿಗೆ. "ನಿನ್ನ ಮಗನ ಕೈ ಮುರೀತೀನಿ" ಎಂದ ಅಪ್ಪ. "ಗಂಡುಮಕ್ಕಳ ಜೊತೆ ಉರುಳಾಡೋಕೆ ಕಳಿಸಿದವನು ನೀನು, ಮೊದಲು ನಿನ್ನ ಕೈ ಮುರ್ಕೊ" ಎಂದ ದೊಡ್ಡಪ್ಪ. ಬಾಗಿಲು ಬಡಿದುಕೊಂಡಿತು. ಕೆಳಗೆ ಬಂದ ಅಪ್ಪ ಅವಳ ಬೆನ್ನು ಹೇಗಿದೆ ಎಂದು ಕೇಳಲಿಲ್ಲ. "ಬಿಡಬೇಡ. ಅವನನ್ನ ಅಲ್ಲೇ ಮಣ್ಣು ಮುಕ್ಕಿಸು" ಎಂದಷ್ಟೇ ಹೇಳಿ ಕೈತೊಳೆಯಲು ಹೋದ.

ಮೊದಲ ಪಂದ್ಯಾವಳಿಯಲ್ಲಿ ಮಣ್ಣು ಮುಕ್ಕಿದ್ದು ಇಡೀ ತಂಡ. ನಾಲ್ಕು ಪಂದ್ಯ, ನಾಲ್ಕೂ ಸೋಲು. ಒಂದರಲ್ಲಿ ಗುಡಾಣ ಮಾಸ್ಕಿನೊಳಗೆ ಆವಿ ಕಟ್ಟಿ ಕಣ್ಣು ಕಾಣದೆ ಜೋಡೆತ್ತುಗಳಿಗೇ ಹೊಡೆದ. ಎದುರು ತಂಡದವರು ಹೊರಗೆ ನಿಂತು, "ಬಣ್ಣ ಹಚ್ಚಿಸ್ಕೊಳ್ಳೋಕೆ ಬಂದಿದ್ದೀರಾ? ನಮ್ಮ ಮನೆ ಗೋಡೆ ಖಾಲಿ ಇದೆ ಬನ್ನಿ" ಎಂದರು. ಧಣಿ ವ್ಯಾನಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ಝಾಡಿಸಿದ. ಹಲ್ಲಿಯ ಸರದಿ ಬಂದಾಗ ಮಾತ್ರ ಕಿಟಕಿಯ ಕಡೆ ತಿರುಗಿದ. ಅವಳು ಆ ದಿನ ಏಳು ಜನರನ್ನು ಔಟು ಮಾಡಿದ್ದಳು, ಅವನು ಮೂವರನ್ನು.

ಎರಡನೆಯ ಪಂದ್ಯಾವಳಿಯ ಹೊತ್ತಿಗೆ ತಂಡ ಸ್ವಲ್ಪ ಕುದುರಿತ್ತು. ಮೊದಲ ಪಂದ್ಯದಲ್ಲೇ ಹೋದ ಸಲ ಗೇಲಿ ಮಾಡಿದವರು ಎದುರಾದರು. ಎರಡೂ ಕಡೆ ಸಮಸಮ ಬಂದು ಕೊನೆಯ ಸುತ್ತು ಉಳಿಯಿತು. ಆ ಸುತ್ತಿನಲ್ಲಿ ಗುಡಾಣ ಹೋದ, ಜೋಡೆತ್ತು ಹೋದವು. ಎದುರು ಕಡೆ ಒಬ್ಬನೇ ಒಬ್ಬ. ಈ ಕಡೆ ಧಣಿ ಮತ್ತು ಹಲ್ಲಿ.

ಅವಳು ಸಾಲಿನಲ್ಲಿ ಮಲಗಿದ್ದಳು. ಹತ್ತಡಿ ದೂರದ ದಿಂಬಿನ ಹಿಂದೆ ಧಣಿ. ಟಪ್ ಎಂದು ಸದ್ದಾಯಿತು. ಅವನ ಬಲ ಭುಜದ ಹಿಂದೆ ಕೇಸರಿ ಬಣ್ಣ ಅಂಗೈಯಗಲ ಒಡೆದದ್ದನ್ನು ಅವಳು ಕಣ್ಣಾರೆ ಕಂಡಳು. ತೀರ್ಪುಗಾರರಿಬ್ಬರೂ ಆಚೆ ಬದಿಯಲ್ಲಿದ್ದರು. ಧಣಿ ಬಗ್ಗಿದ, ಎಡಗೈ ಗ್ಲೌಸಿನಿಂದ ಭುಜವನ್ನು ಎರಡು ಸಲ ಬಲವಾಗಿ ಉಜ್ಜಿದ, ಗ್ಲೌಸನ್ನು ಹುಲ್ಲಿಗೆ ಒರೆಸಿದ. ಎದ್ದವನೇ ಓಡಿ ಆ ಕೊನೆಯವನಿಗೆ ಹೊಡೆದು ಗುಂಡಿ ಒತ್ತಿದ.

ಮೊದಲ ಗೆಲುವು. ಗುಡಾಣ ಹೊರಗಿನಿಂದ ಓಡಿಬಂದು ಧಣಿಯನ್ನು ಎತ್ತಿಕೊಂಡ. ಮೇಷ್ಟ್ರು ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡರು. ಅಷ್ಟರಲ್ಲಿ ಎದುರು ತಂಡದ ಆ ಕೊನೆಯವನು ಮಾಸ್ಕು ಕಿತ್ತೆಸೆದು ಮುಖ್ಯ ತೀರ್ಪುಗಾರ್ತಿಯ ಬಳಿ ಹೋದ.

"ಅವನಿಗೆ ಹೊಡೆದಿದ್ದೆ. ಒಡೆದದ್ದು ನೋಡಿದ್ದೀನಿ."

ತೀರ್ಪುಗಾರ್ತಿ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಧಣಿಯನ್ನು ತಿರುಗಿಸಿ ನೋಡಿದಳು. ಭುಜ ಒದ್ದೆಯಾಗಿತ್ತು, ಬಣ್ಣವೆಂದು ಹೇಳುವಷ್ಟಿರಲಿಲ್ಲ. ಗ್ಲೌಸಿನಲ್ಲಿ ಕೇಸರಿ ಇತ್ತು. "ದಿಂಬಿಗೆ ಒರಗಿದ್ದೆ, ಅದರದು" ಎಂದ ಧಣಿ. ತೀರ್ಪುಗಾರ್ತಿ ಸುತ್ತ ನೋಡಿದಳು. ಕೊನೆಯವರೆಗೆ ಒಳಗಿದ್ದವಳು ಒಬ್ಬಳೇ.

"ನೀನು ಅಲ್ಲೇ ಇದ್ದೆ. ಏನು ನೋಡಿದೆ?"

ಧಣಿ ಅವಳ ಕಡೆ ನೋಡಿದ. ಒಂಬತ್ತು ವರ್ಷದಲ್ಲಿ ಅವನು ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವನ ಕಣ್ಣಲ್ಲಿ ಬೇಡಿಕೆ ಇತ್ತು.

"ಭುಜಕ್ಕೆ ಬಿತ್ತು. ಒರೆಸ್ಕೊಂಡ" ಎಂದಳು ಹಲ್ಲಿ.

ಗೆಲುವು ಎದುರು ತಂಡಕ್ಕೆ ಹೋಯಿತು. ಧಣಿಯನ್ನು ಆ ಪಂದ್ಯಾವಳಿಯಿಂದ ಹೊರಹಾಕಿದರು. ನಾಲ್ಕೇ ಜನ ಆಡಿದ ಉಳಿದ ಪಂದ್ಯಗಳು ಆಡದಿದ್ದಂತೆಯೇ ಮುಗಿದವು.

ವ್ಯಾನಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯಿತು. ಜೋಡೆತ್ತುಗಳಲ್ಲಿ ಒಬ್ಬ, "ಮನೆಮುರುಕಿ" ಎಂದು ಗೊಣಗಿದ, ಇನ್ನೊಬ್ಬ ಹೂಂಗುಟ್ಟಿದ. ಇಳಿಯುವಾಗ ಗುಡಾಣ ಅವಳ ಚೀಲ ಎತ್ತಿಕೊಟ್ಟು ಮೆಲ್ಲಗೆ ಹೇಳಿದ.

"ನೀನು ಸುಳ್ಳು ಹೇಳಲಿಲ್ಲ, ಒಪ್ಕೋತೀನಿ. ಆದ್ರೆ ಹೇಳುವಾಗ ನಿನ್ನ ಮುಖ ನೋಡಿದೆ. ಹಬ್ಬದೂಟ ಬಡಿಸಿದ ಹಾಗಿತ್ತು."

"ಮತ್ತೆ ಸುಳ್ಳು ಹೇಳ್ಬೇಕಿತ್ತಾ?"

"ನಾನು ಹಾಗೆ ಹೇಳ್ಲಿಲ್ಲ" ಎಂದು ಗುಡಾಣ ನಡೆದುಬಿಟ್ಟ.

ಅವಳಿಗೆ ಅವನ ಮೇಲೆ ಕೋಪ ಬಂತು. ಮನೆ ತಲುಪುವವರೆಗೂ ಮನಸ್ಸಿನಲ್ಲೇ ಅವನಿಗೆ ಉತ್ತರ ಕೊಡುತ್ತ ಬಂದಳು. ಒಂದೂ ಸರಿಹೋಗಲಿಲ್ಲ. ಆ ಕ್ಷಣ ಅವಳ ಬಾಯಿಗೆ ಬಂದದ್ದು ನಿಜವೇ ಹೌದು, ಆದರೆ ಗುಡಾಣನೋ ಜೋಡೆತ್ತೋ ಒರೆಸಿಕೊಂಡಿದ್ದರೆ ಅದು ಅಷ್ಟು ಬೇಗ, ಅಷ್ಟು ಗಟ್ಟಿಯಾಗಿ ಬರುತ್ತಿತ್ತೇ?

ಅಪ್ಪನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವನು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೇಳುವಂತೆ ಹೇಳುತ್ತಿದ್ದ. "ಯಂತ್ರ ನುಂಗಿದವನ ಹೊಟ್ಟೇಲಿ ಇನ್ನೆಂಥವನು ಹುಟ್ತಾನೆ? ಊರೆಲ್ಲ ನೋಡ್ತಾ ಇರುವಾಗ ಸಿಕ್ಕಿಬಿದ್ದ. ಹಿಡಿದುಕೊಟ್ಟವಳು ನನ್ನ ಮಗಳು."

"ಸಾಕು ಒಳಗೆ ಬಾರಪ್ಪ" ಎಂದಳು ಅವಳು.

"ಯಾಕೆ ಸಾಕು? ಒಂಬತ್ತು ವರ್ಷದಿಂದ ಇಂಥ ದಿನಕ್ಕೆ ಕಾದಿದ್ದೆ."

ಅಪ್ಪನ ಮುಖ ಹೊಳೆಯುತ್ತಿತ್ತು. ಅವನು ಅಷ್ಟು ಖುಷಿಯಾಗಿದ್ದದ್ದನ್ನು ಅವಳು ಕಂಡೇ ಇರಲಿಲ್ಲ. ತನ್ನ ಮುಖವೂ ಹೀಗೇ ಇತ್ತೇ ಎಂದು ಅವಳಿಗೆ ಹೊಳೆಯಿತು. ಮೇಲೆ ಯಾರೂ ಬಾಗಿಲು ತೆರೆಯಲಿಲ್ಲ. ಅವಳು ಅಪ್ಪನ ತೋಳು ಹಿಡಿದು ಒಳಗೆಳೆದಳು. ಅವನು ಕೊಸರಿಕೊಂಡು ಮತ್ತೆ ಮೆಟ್ಟಿಲ ಬಳಿಗೇ ಹೋದ.

ಆಮೇಲಿನ ತಿಂಗಳು ಅಭ್ಯಾಸದಲ್ಲಿ ಅವಳೊಂದಿಗೆ ಯಾರೂ ಮಾತಾಡಲಿಲ್ಲ. ಅವಳ ಗನ್ನಿನ ಗಾಳಿ ಸಿಲಿಂಡರನ್ನು ತುಂಬಿಡುತ್ತಿರಲಿಲ್ಲ. ಒಂದು ದಿನ ಶೂಗಳೊಳಗೆ ಯಾರೋ ಗುಂಡು ಒಡೆದಿದ್ದರು. ಅವಳು ಅವನ್ನು ನಲ್ಲಿಯಲ್ಲಿ ತೊಳೆದು ಒದ್ದೆಯಲ್ಲೇ ತೊಟ್ಟು ಆಡಿದಳು. ಧಣಿ ಅವಳನ್ನು ತೆಗೆದುಹಾಕಲು ಮೇಷ್ಟ್ರ ಬಳಿ ಎರಡು ಸಲ ಹೋದ. ಎರಡು ಸಲವೂ ಮೇಷ್ಟ್ರು ಐದು ಬೆರಳು ತೋರಿಸಿ ಕಳಿಸಿದರು.

ಋತುವಿನ ಕೊನೆಯ ಪಂದ್ಯಾವಳಿಯಲ್ಲಿ ಮೊದಲೆರಡು ಪಂದ್ಯಗಳನ್ನು ಸೋತರು. ಸೋಲದೆ ಇನ್ನೇನು. ಯಾರು ಎಲ್ಲಿದ್ದಾರೆ ಎಂದು ಕ್ಷಣಕ್ಷಣಕ್ಕೂ ಕೂಗಿ ಹೇಳಬೇಕಾದ ಆಟ ಅದು. ಇವರು ಮೂಗರಂತೆ ಆಡಿದರು. ಮೂರನೆಯ ಪಂದ್ಯಕ್ಕೆ ಮುಂಚೆ ಧಣಿ ನೆಲದ ಮೇಲೆ ಕಡ್ಡಿಯಿಂದ ಮೈದಾನ ಗೀಚಿದ. ಮೂವರೂ ಬಗ್ಗಿ ನೋಡಿದರು. ಹಲ್ಲಿ ದೂರ ನಿಂತಿದ್ದಳು.

"ಸಾಲಿನಲ್ಲಿರೋರು ಕೇಳಿಸ್ಕೊಳ್ಲಿ" ಎಂದ ಧಣಿ, ಕಡ್ಡಿಯನ್ನು ನೋಡುತ್ತ. "ಇವರ ಬಲಗಡೆಯವನು ಪ್ರತಿ ಸಲ ಮೂರು ಗುಂಡು ಹೊಡೆದು ತಲೆ ಹೊರಗೆ ಹಾಕ್ತಾನೆ. ಮೂರು ಎಣಿಸಿ ಹೊಡೀರಿ. ಅವನು ಹೋದ್ಮೇಲೆ ನಾನು ನುಗ್ತೀನಿ."

ಅವಳೂ ಗಮನಿಸಿರದ ಸಂಗತಿ ಅದು. ಹೋದ ಪಂದ್ಯಾವಳಿಯಲ್ಲಿ ಹೊರಗೆ ಕೂತಿದ್ದಾಗ ಅವನು ಎದುರು ತಂಡದವರ ಆಟವನ್ನೆಲ್ಲ ನೋಡಿ ನೋಡಿ ಅರೆದು ಕುಡಿದಿದ್ದ. ಅವಳು ತೆವಳಿದಳು, ಮೂರು ಎಣಿಸಿದಳು, ಹೊಡೆದಳು. ತಲೆಯ ಮೇಲೆ ಹಸಿರು ಬಣ್ಣ ಹೊತ್ತು ಆ ಬಲಗಡೆಯವನು ಎದ್ದು ನಿಂತ. "ಬಲ ಹೋಯ್ತು" ಎಂದು ಅವಳು ಕೂಗಿದಳು. "ನುಗ್ತಾ ಇದ್ದೀನಿ" ಎಂದು ಧಣಿ ಕೂಗಿದ. ಎರಡನೆಯ ಸುತ್ತಿನಲ್ಲೂ ಅದೇ. ಮೂರನೆಯದರಲ್ಲಿ ಧಣಿಯ ಕಾಲಿಗೆ ಗುಂಡು ಬಿತ್ತು; ಗನ್ನೆತ್ತಿ ಹೊರಗೆ ನಡೆದ. ಗುಡಾಣನೂ ಅವಳೂ ಸೇರಿ ಉಳಿದಿಬ್ಬರನ್ನು ಮುಗಿಸಿದರು.

ಇಡೀ ಋತುವಿನಲ್ಲಿ ಅವರು ಗೆದ್ದ ಪಂದ್ಯ ಅದೊಂದೇ. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ ಬಂತು. ಈ ಸಲ ಯಾರೂ ಯಾರನ್ನೂ ಎತ್ತಿಕೊಳ್ಳಲಿಲ್ಲ. ಜೋಡೆತ್ತುಗಳು ಒಬ್ಬರನ್ನೊಬ್ಬರು ತಟ್ಟಿಕೊಂಡರು. ಧಣಿ ಅವಳ ಮುಂದೆಯೇ ಹಾದುಹೋಗಿ ನೀರು ಕುಡಿದ.

ಮುಂದಿನ ವಾರ ಬರುವ ವರ್ಷದ ನಾಯಕನ ಆಯ್ಕೆ. ಮೇಷ್ಟ್ರು ಐವರಿಗೂ ಒಂದೊಂದು ಚೀಟಿ ಕೊಟ್ಟು, ಟೋಪಿಯೊಳಗೆ ಹಾಕಿಸಿಕೊಂಡು, ಒಂದೊಂದಾಗಿ ಓದಿ ಮೇಜಿನ ಮೇಲಿಟ್ಟರು. ಗುಡಾಣ. ಗುಡಾಣ. ಧಣಿ. ಗುಡಾಣ. ಧಣಿ. ಗುಡಾಣ ಕಿವಿವರೆಗೂ ಕೆಂಪಾದ. ಧಣಿ ಮೇಜಿನ ಮೇಲಿನ ಚೀಟಿಗಳನ್ನೇ ನೋಡುತ್ತ ನಿಂತಿದ್ದ.

ಸೈಕಲ್ ಸ್ಟ್ಯಾಂಡಿನಲ್ಲಿ ಅವಳು ಬೀಗ ತೆಗೆಯುತ್ತಿದ್ದಾಗ ಅವನು ಬಂದ.

"ನಂಗೆ ಬಿದ್ದ ಆ ಇನ್ನೊಂದು ಚೀಟಿ ನಿಂದು. 'ಣ' ಬರೆಯೋ ರೀತಿ ನಿಂಗೆ ನಾನೇ ಕಲಿಸಿದ್ದು. ಬಾಲ ಇವತ್ತಿಗೂ ಉದ್ದ ಎಳೀತೀಯ."

ಅವಳು ಬೀಗವನ್ನು ಚೀಲಕ್ಕೆ ಹಾಕಿದಳು.

"ನಿನ್ನ ಓಟು ಬೇಕು ಅಂತ ಯಾರು ಕೇಳಿದ್ರು? ಭಿಕ್ಷೆ ಹಾಕ್ದೆಯಾ?"

"ಆ ಬಲಗಡೆಯವನ ಆಟ ಓದಿದವನು ನೀನು. ಗುಡಾಣನ ಕೈಲಿ ಅದಾಗಲ್ಲ. ಅದಕ್ಕೆ ಹಾಕ್ದೆ" ಎಂದಳು. "ನಿನ್ನ ಕಂಡ್ರೆ ನಂಗಾಗಲ್ಲ. ಅದು ಬೇರೆ."

"ನಂಗೂ ಆಗಲ್ಲ."

"ಗೊತ್ತು."

ಅವನು ತನ್ನ ಸೈಕಲ್ ಎಳೆದುಕೊಂಡ. ಇಬ್ಬರ ಮನೆಗೂ ದಾರಿ ಒಂದೇ. ಅವನು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಅಲ್ಲೇ ನಿಂತಿದ್ದು, ಆಮೇಲೆ ಹೊರಟಳು.