ಮೇಸ್ತ್ರಿಯ ನಂಬರು

ನಾಗಿಯ ಅಂಗೈ ತುಂಬ ಅನಾನಸ್ ಎಲೆಯ ಮುಳ್ಳು ಗೀರಿದ ಗಾಯ. ಆ ಕೈಯಲ್ಲೇ ಮಗಳು ವೆಂಕಮ್ಮನನ್ನು ಆನಿಸಿಕೊಂಡು ಆಸ್ಪತ್ರೆಯಲ್ಲಿ ನಾನು ಕೂರುವ ಚೀಟಿ ಕಿಟಕಿಗೆ ಬಂದಳು. ವೆಂಕಮ್ಮ ಎಂಟು ತಿಂಗಳ ಬಸುರಿ. ಕಾಲು ಬಾತಿತ್ತು.

"ಕಣ್ಣು ಮಂಜ ಅಂತಾಳ್ರೀ ಅಕ್ಕಾರ. ಲಗೂನ ಚೀಟಿ ಕೊಡ್ರಿ."

ಆರೋಗ್ಯ ಕಾರ್ಡಿನ ಸಂಖ್ಯೆ ಒತ್ತಿದೆ. ಓಟಿಪಿ ಕಳಿಸಿದ್ದೇನೆ ಎಂದಿತು ಕಂಪ್ಯೂಟರು. ಯಾರ ಫೋನಿಗೆಂದು ನನಗೆ ಗೊತ್ತಿತ್ತು.

ಹೋದ ವರ್ಷ ಕಾರ್ಡಿನ ಶಿಬಿರ ಅನಾನಸ್ ಹೊಲದ ಶೆಡ್ಡಿನಲ್ಲೇ ನಡೆದಿತ್ತು. ಹೆಂಗಸರ ಬಳಿ ಫೋನಿರಲಿಲ್ಲ. "ನಂದೇ ಹಾಕ್ರಿ ಮೇಡಂ, ಎಲ್ಲಾ ನಮ್ಮ ಮಂದೀನ," ಎಂದ ಮೇಸ್ತ್ರಿ ಸಂಜಯ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ನಲವತ್ತು ಕಾರ್ಡಿಗೂ ಅವನ ನಂಬರು ಒತ್ತಿದವಳು ನಾನೇ.

ಅಂದಿನಿಂದ ಯಾರ ಕಫ ಪರೀಕ್ಷೆಗೆ ಹೋಯಿತು, ಯಾರು ಬಸುರಿ, ಎಲ್ಲ ಮೊದಲು ಅವನ ಫೋನಿಗೆ. ಮರುದಿನ ಅವರಿಗೆ ಕೆಲಸವಿಲ್ಲ.

ಫೋನು ಮಾಡಿದೆ. ಸ್ಪೀಕರಿನಲ್ಲಿ ಅವನ ನಗು. "ಲಾರಿ ಬಂದು ನಿಂತೈತಿ. ನಾಗೀನ ಹೊಲಕ್ಕ ಕಳಸ್ರಿ. ಓಟಿಪಿ ಸಂಜೀಕ ಹೇಳ್ತೀನಿ."

"ಸಂಜೀತನಕ ನನ್ನ ಮಗಳು ಉಳೀಬೇಕಲ್ಲೋ!" ನಾಗಿ ಕೂಗಿದಳು. ಫೋನು ಕಟ್ಟಾಯಿತು.

ವೆಂಕಮ್ಮ ಗೋಡೆ ಹಿಡಿದು ಕುಸಿದಳು.

"ಕಂಪ್ಯೂಟರ್ ಚೀಟಿ ಇಲ್ದ ಒಳಗ ಬಿಡಬ್ಯಾಡ್ರಿ ಅಂದಾರ ಮ್ಯಾಲಿನವರು," ಎಂದರು ಸಿಸ್ಟರ್ ಗಂಗಾಂಬಿಕಾ. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ, "ನಿಂದೂ ಗುತ್ತಿಗಿ ನೌಕರಿ, ನೆನಪಿರ್ಲಿ."

ಅದು ಲಸಿಕೆಯ ದಿನ. ಅದೇ ಹೊಲದ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಸಾಲಿನಲ್ಲಿದ್ದರು. ಅವರಲ್ಲಿ ಹಿರಿಯಳಾದ ಪಾರ್ವತವ್ವ ಮುಂದೆ ಬಂದಳು.

"ಬಸುರು ನಮ್ಮದು, ಬ್ಯಾನಿ ನಮ್ಮದು. ಅಪ್ಪಣೆ ಮಾತ್ರ ಆಂವಂದೇನ?"

ಮೇಜಿನ ಕೆಳಗೆ ಹಳೇ ರಿಜಿಸ್ಟರು ಬಿದ್ದಿತ್ತು. ಧೂಳು ಒರೆಸಿ ಬರೆದೆ: ವೆಂಕಮ್ಮ, ಎಂಟು ತಿಂಗಳು, ಕಣ್ಣು ಮಂಜು, ತುರ್ತು. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.

"ಯಾರು ಬರದದ್ದು ಅಂತ ಕೇಳಿದ್ರ ಇದನ್ನ ತೋರಸ್ರಿ ಸಿಸ್ಟರ್."

ಗಂಗಾಂಬಿಕಾ ರಿಜಿಸ್ಟರನ್ನು ತಮ್ಮತ್ತ ತಿರುಗಿಸಿ ಸಹಿ ಓದಿದರು. ಆಮೇಲೆ ಗಾಲಿಕುರ್ಚಿ ಎಳೆದು ವೆಂಕಮ್ಮನನ್ನು ಒಳಗೆ ಒಯ್ದರು. ಬಿಪಿ ನೂರಾ ಎಂಬತ್ತು. ಹತ್ತೇ ನಿಮಿಷದಲ್ಲಿ ಆಂಬುಲೆನ್ಸು ತಾಯಿ ಮಗಳನ್ನು ಹೊತ್ತು ಶಿರಸಿಯ ದೊಡ್ಡಾಸ್ಪತ್ರೆಯ ದಾರಿ ಹಿಡಿಯಿತು.

"ನನ್ನ ಕಾರ್ಡಿಂದ ಆಂವನ ನಂಬರ್ ತಗೀರಿ," ಎಂದಳು ಪಾರ್ವತವ್ವ. ಪ್ರಯತ್ನಿಸಿದೆ. ನಂಬರು ಬದಲಿಸಲು ಹಳೇ ನಂಬರಿಗೇ ಓಟಿಪಿ ಹೋಗುತ್ತದಂತೆ. ಹಾಗೆಂದು ಹೇಳಿದೆ. ಲಸಿಕೆ ಮುಗಿದರೂ ಹೆಂಗಸರು ಯಾರೂ ಹೊಲಕ್ಕೆ ಹೊರಡದೆ ಕಿಟಕಿಯ ಮುಂದೆಯೇ ಕೂತರು.

ಫೋನು ಬಡಿದುಕೊಂಡಿತು. ಸಂಜಯ. "ಎಲ್ಲಿ ಸತ್ತಾರ ಎಲ್ಲಾರೂ? ಹಣ್ಣು ಬಿಸಲಿಗೆ ಕುದಿಯಾಕ ಹತ್ತ್ಯಾವ. ಯಾವಾಗ ಬರ್ತಾರ?"

ಪಾರ್ವತವ್ವ ಕಿಟಕಿಯೊಳಗೆ ಕೈ ಹಾಕಿ ಫೋನು ತೆಗೆದುಕೊಂಡಳು.

"ಸಂಜೀಕ ಹೇಳ್ತೀವಿ," ಎಂದಳು.