ಹೆಜ್ಜೇನಿನ ತುತ್ತು

ಗುಬ್ಬಿಯಲ್ಲಿ ಬಸ್ಸಿಳಿದು ಅಡವಿಯಪ್ಪ ತಾತನ ತೆಂಗಿನ ತೋಟಕ್ಕೆ ನಡೆಯುವಾಗ ನನಗೆ ಅರೆನಿದ್ದೆ. ವಾರವಿಡೀ ತುಮಕೂರಿನ ಲ್ಯಾಬಿನಲ್ಲಿ ಕೂತು ಜೇನುಹುಳದ ಕರುಳು ತಿನ್ನುವ ಪರೋಪಜೀವಿಯ ಡಿಎನ್‌ಎ ಓದಿದ್ದೆ. ಇರುವುದು ನಾಲ್ಕೇ ಅಕ್ಷರ, ಓದಬೇಕಾದ್ದು ಸಾವಿರ ಸಲ. ಈಗ ಗರಿಗಳ ನಡುವಿನ ಬಿಸಿಲಲ್ಲೂ ಅವೇ ಅಕ್ಷರಗಳು ಗುಂಯ್ಗುಡುತ್ತ ಹಾರುತ್ತಿದ್ದವು. ತಲೆ ಕೆಟ್ಟಿದೆ ನನಗೆ, ಅಂದುಕೊಂಡೆ.

ತಾತ ಸಾಕಿದ್ದ ನಾಡಜೇನು ತುಡುವೆಯ ಹತ್ತು ಪೆಟ್ಟಿಗೆಗಳಲ್ಲಿ ಒಂಬತ್ತು, ಹುಳ ಸತ್ತು ಬರಿದಾಗಿದ್ದವು. ಕುಣಿಗಲ್ಲಿನ ಅಳಿಯ ಗಂಗಾಧರ ಪಕ್ಕದ ತೋಟದಲ್ಲಿ ವಿದೇಶಿ ಜೇನು ಇಟ್ಟಿದ್ದನಲ್ಲ, ರೋಗ ಅದರಿಂದಲೇ ಬಂತು ಅಂತ ತಾತ ಅವನನ್ನು ಬಯ್ದು ಅಟ್ಟಿದ್ದರು. ಮಗಳು ಸುಧಾ, ನನ್ನ ಗೆಳತಿ, ಆರು ತಿಂಗಳಿಂದ ತವರಿಗೆ ಕಾಲಿಟ್ಟಿರಲಿಲ್ಲ. ಈ ಮುದುಕರ ಹಟಕ್ಕೆ ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ. "ನಿನ್ ಮಿಷಿನ್ನು ಹೇಳ್ಲಿ, ಒಪ್ಕತೀನಿ," ಅಂದಿದ್ದರು. ಅವರ ತುಡುವೆ, ಅಳಿಯನ ವಿದೇಶಿ ಜೇನು, ಆಲದ ಮರದ ಹೆಜ್ಜೇನು, ಮೂರರ ಹುಳಗಳನ್ನೂ ಲ್ಯಾಬಿಗೆ ಒಯ್ದಿದ್ದೆ.

ಮಿಷಿನ್ನು ಹೇಳಿತ್ತು. ಅಳಿಯನ ಜೇನಿನ ಪರೋಪಜೀವಿಯ ತಳಿಯೇ ಬೇರೆ. ತಾತನ ತುಡುವೆಯಲ್ಲಿದ್ದದ್ದು ಮಾತ್ರ ಹೆಜ್ಜೇನಿನದಕ್ಕೆ ಅಕ್ಷರಕ್ಕಕ್ಷರ ಒಂದೇ. ಮರದ ಮೇಲಿನದು ಪೆಟ್ಟಿಗೆಗೆ ಹೇಗೆ ಬಂತು ಅನ್ನುವುದೇ ನನಗೆ ಬಗೆಹರಿದಿರಲಿಲ್ಲ.

ತಾತ ಉಳಿದೊಂದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪಿಗೆ ಚಮಚದಲ್ಲಿ ಏನೋ ಸುರಿಯುತ್ತಿದ್ದರು.

"ಏನ್ ತಾತ ಅದು?"

"ಹೆಜ್ಜೇನ್ ತುಪ್ಪ ಕಣವ್ವ ಮಹೀನ. ಮಳೆಗಾಲ್ದಾಗೆ ಹೂವಿರಲ್ವಲ್ಲ, ಎಲ್ರೂ ಸಕ್ರೆ ನೀರು ಇಕ್ತಾರೆ. ಮಕ್ಳಿಗೆ ಸಕ್ರೆ ನೀರು ಕುಡ್ಸಿ ಸಾಕ್ತಾರಾ ಯಾರಾದ್ರೂ? ನಾನು ಮರ ಹತ್ತಿ ತಂದು ಇಕ್ತೀನಿ."

ಬಗೆಹರಿಯದ್ದು ಬಗೆಹರಿಯಿತು. ಮಿಷಿನ್ನಿಗೆ ಏನೂ ಗೊತ್ತಾಗಲಿಲ್ಲ ಅಂದುಬಿಡಲೇ ಅನ್ನಿಸಿತು. ಆದರೆ ಒಂದು ಪೆಟ್ಟಿಗೆ ಇನ್ನೂ ಗುನುಗುತ್ತಿತ್ತು. ಅವರ ಕೈ ಹಿಡಿದುಕೊಂಡೆ.

"ಇಕ್ಬೇಡಿ ತಾತ. ರೋಗ ಗಂಗಾಧರಣ್ಣನ ಜೇನಿಂದ ಬಂದಿದ್ದಲ್ಲ. ಇದು ಹೆಜ್ಜೇನಿಂದು. ಈ ತುಪ್ಪದಲ್ಲೇ ಬಂದಿರೋದು."

ತಾತ ಚಮಚವನ್ನೇ ನೋಡುತ್ತ ಕೂತರು.

"ನನ್ ಕೈಯಾರೆ ಉಣ್ಸಿದ್ನಾ?"

"ಹೂಂ ತಾತ." ನನಗೆ ಅಳು ಬಂತು.

ಅವರು ಚಿಪ್ಪನ್ನು ಟವೆಲ್ಲಿನಿಂದ ಒರೆಸಿ ಬೋರಲು ಹಾಕಿದರು. "ಸುಧಾಗೆ ಫೋನ್ ಹಾಕವ್ವ."

ಆ ಕಡೆಯಿಂದ ಸುಧಾ "ಹಲೋ, ಮಹೀನ್?" ಅಂದಾಗ ತಾತ ನನ್ನ ಕೈಯಿಂದ ಫೋನು ತಗೊಂಡರು. ಎರಡು ಸಲ ಕೆಮ್ಮಿದರು.

"ನಾನು ಕಣವ್ವ, ಅಪ್ಪ. ನಿನ್ ಗಂಡ ಅವ್ನಾ? ಇಲ್ಲಿ ಒಂದ್ ಪೆಟ್ಗೆ ಉಳ್ಕಂಡದೆ. ಅದ್ಕೆ ಏನ್ ಇಕ್ಬೇಕು ಅಂತ ಕೇಳವ್ವ."