ಎಡಗಡೆಯ ಸದ್ದು

ಕಾರಿನ ಚಕ್ರದಿಂದ ಬಿಚ್ಚಿ ತೆಗೆದ ಬೇರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಲೆಂಪಿ ಮತ್ತೊಮ್ಮೆ ತಿರುಗಿಸಿದಳು. ಅದು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ಸವೆದ ಬೇರಿಂಗು ಹೀಗೆ ತಿರುಗುವುದಿಲ್ಲ. ಅದರ ಜಾಗದಲ್ಲಿ ಹೊಸದನ್ನು ಕೂರಿಸಿ, ಎಡಗಡೆಯ ಚಕ್ರ ಬಿಗಿದು, ಸರೋವರದ ದಂಡೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಾಗಿತ್ತು. ಗುಂಯ್ ಎನ್ನುವ ಆ ಸದ್ದು ಮೊದಲಿನಷ್ಟೇ ಇತ್ತು.

“ಏನಂತೆ ಹಳೇದು?” ಎಂದ ಪಕ್ಕದ ಮನೆಯ ಓರ್ವಿಲ್.

“ಏನೂ ಅನ್ನಲ್ಲ. ನಿನ್ನ ಹಾಗಲ್ಲ ಇದು.”

ಈ ಬೀದಿಯಲ್ಲಿ ಯಾರ ಮನೆಯ ಮುಂದೆ ಕಾರೆತ್ತುವ ಜಾಕ್ ಹೊರಬಂದರೂ ನೆರೆಯವರು ಕಾಫಿ ಹಿಡಿದು ಬಂದು ನಿಲ್ಲುವುದು ಪದ್ಧತಿ. ಕೆಲಸಕ್ಕೆ ಕೈ ಹಾಕುವಂತಿಲ್ಲ, ಬಾಯಿ ಹಾಕಬಹುದು. ಕಬ್ಬಿಣದ ಗಣಿಯಿಂದ ನಿವೃತ್ತನಾಗಿದ್ದ ಓರ್ವಿಲ್ ಈ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಕಾರು ಲೆಂಪಿಯ ಮಗಳು ಮಾರ್ನಿಯದು. ಅವಳು ಮೆಟ್ಟಿಲಿಳಿದು ಬಂದು ತಾಯಿಯ ತೊಡೆಯ ಮೇಲಿದ್ದುದನ್ನು ನೋಡಿದಳು.

“ಬಲಗಡೆ ಅಂತ ನಾನು ಆವತ್ತೇ ಹೇಳ್ದೆ ಅಮ್ಮ. ಸ್ಟೀರಿಂಗ್ ಎಡಕ್ಕೆ ಎಳೆದಾಗ ಸದ್ದು ಜೋರಾಗತ್ತೆ. ಭಾರ ಬೀಳೋದು ಬಲಕ್ಕೆ. ನೀನೇ ಹೇಳ್ಕೊಟ್ಟಿದ್ದಲ್ವಾ ಇದು?”

“ನನಗೆ ಎಡಗಡೆ ಕೇಳ್ತು.”

“ನಾಳೆ ಮೂರು ಮಕ್ಕಳನ್ನ ಕೂರಿಸ್ಕೊಂಡು ಅಷ್ಟು ದೂರ ಡುಲುತ್‌ಗೆ ಹೋಗ್ಬೇಕು, ಐಸ್ ಹಾಕಿ ಆಟದ ಪಂದ್ಯಕ್ಕೆ. ದಾರೀಲಿ ಚಕ್ರ ಕೈಕೊಟ್ರೆ ಏನು ಗತಿ?” ಮಾರ್ನಿ ಬಲಗಡೆಯ ಚಕ್ರದ ಕಡೆ ನೋಡಿ, “ಗ್ಯಾರೇಜಿಗೆ ಕೊಟ್ಬಿಡ್ತೀನಮ್ಮ,” ಎಂದಳು.

ಓರ್ವಿಲ್ ತನ್ನ ಕಾಫಿಯೊಳಗೇನೋ ಬಿದ್ದಿರುವಂತೆ ಬಗ್ಗಿ ನೋಡತೊಡಗಿದ. ಈ ಮನೆಯ ಕಾರು ಗ್ಯಾರೇಜಿಗೆ ಹೋದದ್ದನ್ನು ಅವನು ಕಂಡಿರಲಿಲ್ಲ. ಹಿಮ ಕರಗಲೆಂದು ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುವ ಊರು ಇದು. ಕಬ್ಬಿಣವೆಂಬುದು ಇಲ್ಲಿ ಹಲ್ಲಿನ ಹಾಗೆ ಹುಳುಕಾಗುತ್ತದೆ. ಶಾಲಾ ಬಸ್ಸುಗಳ ಷೆಡ್ಡಿನಲ್ಲಿ ಲೆಂಪಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಡ್ರೈವರುಗಳು ಬಾಗಿಲ ಮುಂದೆ ಒಂದು ಸುತ್ತು ಹೊಡೆದರೆ ಸಾಕಿತ್ತು. ಒಳಗಿನಿಂದಲೇ ಅವಳು ಯಾವ ಚಕ್ರವೆಂದು ಕೂಗುತ್ತಿದ್ದಳು. ಬೇರೆ ಊರುಗಳಲ್ಲಿ ಒಳ್ಳೆಯ ಹಾಡುಗಾರರಿಗೆ ಸಿಗುವಂಥ ಹೆಸರು ಇಲ್ಲಿ ಆ ಕಿವಿಗಿತ್ತು.

ಲೆಂಪಿ ಬೇರಿಂಗನ್ನು ನೆಲಕ್ಕಿಟ್ಟು ಎದ್ದು ನಿಂತಳು.

“ನೀವಿಬ್ರೂ ನನ್ನ ಒಂದೊಂದು ಪಕ್ಕಕ್ಕೆ ನಿಂತ್ಕೊಳ್ಳಿ, ಸ್ವಲ್ಪ ದೂರ. ಯಾರ್ಯಾರು ಯಾವ ಕಡೆ ಅಂತ ನನಗೆ ಹೇಳ್ಬೇಡಿ. ಮಾರ್ನಿ, ನೀನು ಮಾತಾಡು.”

“ಏನ್ ಮಾತಾಡ್ಲಿ?”

“ಬೈ. ಅದಕ್ಕೂ ಹೇಳ್ಕೊಡ್ಬೇಕಾ?”

ಲೆಂಪಿ ಕಣ್ಣು ಮುಚ್ಚಿಕೊಂಡಳು. ಇಬ್ಬರೂ ಸದ್ದಿಲ್ಲದೆ ಒಂದೊಂದು ಪಕ್ಕ ಹಿಡಿದರು. ಮಾರ್ನಿ ಬೈದಳು: ಹಟಮಾರಿ ಎಂದಳು, ಹೇಸರಗತ್ತೆ ಎಂದಳು, ಅಪ್ಪ ಪುಣ್ಯಾತ್ಮ, ಬೇಗ ಪಾರಾದ ಎಂದಳು. ಲೆಂಪಿ ತುಟಿಯಂಚಿನಲ್ಲಿ ನಗುತ್ತಲೇ ಸದ್ದು ಬಂದ ದಿಕ್ಕಿಗೆ ಕೈ ನೀಡಿ ಕಣ್ಣು ತೆರೆದಳು. ಕೈ ತೋರಿಸಿದ್ದ ಕಡೆ ಓರ್ವಿಲ್ ನಿಂತಿದ್ದ, ಬಾಯಿ ಮುಚ್ಚಿಕೊಂಡು.

ಮಾರ್ನಿ ಬಲಗಡೆಯಿಂದ ನಿಧಾನವಾಗಿ ಮುಂದೆ ಬಂದಳು. “ಯಾವಾಗಿಂದ ಅಮ್ಮ?”

“ಯಾರಿಗ್ಗೊತ್ತು? ನೀವೆಲ್ಲ ಮೆತ್ತಗೆ ಮಾತಾಡೋದು ಕಲಿತ್ರಿ ಅಂತ ಸಂತೋಷಪಟ್ಕೊಂಡಿದ್ದೆ.” ಲೆಂಪಿ ಬಲಗಿವಿಯನ್ನೊಮ್ಮೆ ಉಜ್ಜಿಕೊಂಡಳು. “ಜಗತ್ತೆಲ್ಲ ಎಡಗಡೆಗೇ ಹೋಗಿ ಕೂತಿದೆ ನನಗೆ. ಜಾಕ್ ಕೊಡು.”

ಬಲಗಡೆಯನ್ನು ಎತ್ತಿ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಳು. ಸಡಿಲವೇನೂ ಸಿಗಲಿಲ್ಲ. ಆಮೇಲೆ ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಒಳಗೆ ತೂರಿಸಿ ಸ್ಪ್ರಿಂಗಿನ ಮೇಲಿಟ್ಟಳು. ವೈದ್ಯರು ನಾಡಿ ಹಿಡಿದಾಗ ಮಾಡುವಂಥ ಮುಖ.

“ಬಾ, ನೀನೂ ಕೈಯಿಡು,” ಎಂದಳು ಮಗಳಿಗೆ.

ಬೂಟಿನಡಿಯಲ್ಲಿ ಉಪ್ಪಿನ ಹರಳು ನುರಿಯುವಂತೆ ಏನೋ ಮಾರ್ನಿಯ ಬೆರಳಿಗೆ ಹತ್ತಿತು. ಅವಳು ಹೋಗಿ ಕಾರಿನ ಹಿಂಬಾಗಿಲು ತೆಗೆದು ಇನ್ನೊಂದು ಹೊಸ ಬೇರಿಂಗಿನ ಡಬ್ಬಿ ತಂದಳು.

“ಎರಡು ತಂದಿದ್ದೀಯಾ!”

“ಅಂಗಡಿಗೆ ಇನ್ನೊಂದ್ಸಲ ಯಾಕೆ ಅಂತ.”

ಲೆಂಪಿ ಆ ಡಬ್ಬಿಯನ್ನೂ ಮಗಳನ್ನೂ ಒಂದು ಗಳಿಗೆ ನೋಡಿದಳು. “ಒಳ್ಳೇದು ಮಾಡ್ದೆ,” ಎಂದು ಮಂಡಿಯೂರಿದಳು.

ಹಳೆಯದು ತುಕ್ಕು ಹಿಡಿದು ತನ್ನ ಗೂಡಿಗೇ ಬೆಸೆದುಕೊಂಡಿತ್ತು. ಸುತ್ತಿಗೆಗೆ ಜಗ್ಗಲಿಲ್ಲ. ಆಗ ಲೆಂಪಿ ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಒಂದರ ತಲೆಗೂ ಕಾರಿನ ಚೌಕಟ್ಟಿಗೂ ನಡುವೆ ಗಟ್ಟಿ ಉಕ್ಕಿನ ತುಂಡೊಂದನ್ನು ಆನಿಸಿ, ಮಗಳನ್ನು ಸ್ಟೀರಿಂಗಿಗೆ ಕೂರಿಸಿದಳು. ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಹದವಾಗಿ ತಿರುಗಿಸಿದರೆ ಕಾರು ತನ್ನ ಬೇರಿಂಗನ್ನು ತಾನೇ ಹೊರಗೆ ನೂಕುತ್ತದೆ. ಹದ ತಪ್ಪಿದರೆ ಉಕ್ಕಿನ ತುಂಡು ಸಿಡಿಯುತ್ತದೆ.

“ಕೂಗ್ಬೇಡ, ನನಗೆ ಕೇಳಲ್ಲ,” ಎಂದಳು ಲೆಂಪಿ, ಓರ್ವಿಲ್‌ಗೂ ಅವನಾಚೆಯ ಮನೆಗೂ ಕೇಳುವಷ್ಟು ಜೋರಾಗಿ. “ಕೈ ನೋಡು.”

ಅವಳ ಬೆರಳು ಆಡಿದಷ್ಟೇ ಮಾರ್ನಿ ತಿರುಗಿಸಿದಳು. ಬೆರಳು ನಿಂತಲ್ಲಿ ನಿಂತಳು. ಬೋಲ್ಟಿನಿಂದ ಬೋಲ್ಟಿಗೆ ತುಂಡು ಬದಲಾಯಿತು. ಕೊನೆಗೆ ಠಣ್ ಎಂದು ಬೇರಿಂಗು ಸಡಿಲಾದಾಗ ಓರ್ವಿಲ್ ಕಾಫಿ ಚೆಲ್ಲಿಕೊಂಡ. ಲೆಂಪಿ ಅದನ್ನು ಹೊರಗೆಳೆದು ತಿರುಗಿಸಿ ಅವನ ಕೈಗೆ ಕೊಟ್ಟಳು. ಅದರ ಗರಗರ ಅವನ ಮೊಣಕೈವರೆಗೂ ಹೋಯಿತು.

“ಇದು ಮಾತಾಡತ್ತೆ,” ಎಂದ.

ಗೂಡನ್ನು ಉಜ್ಜಿ ಹೊಸದನ್ನು ಕೂರಿಸಿ, ಬ್ರೇಕು, ಚಕ್ರ ಜೋಡಿಸಿ, ಅಳತೆಯ ಬಿಗಿ ಕೊಟ್ಟಿದ್ದಾಯಿತು. ಪರೀಕ್ಷೆಗೆ ಹೊರಟಾಗ ಲೆಂಪಿ ಕೀಲಿಯನ್ನು ಮಗಳಿಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತಳು. ನಾನೂ ಬರುತ್ತೇನೆಂದು ರಚ್ಚೆ ಹಿಡಿದು ಮಾರ್ನಿಯ ಕಿರಿಯ ಮಗಳು ಟೆಸ್ ಹಿಂದೆ ಹತ್ತಿಕೊಂಡಳು.

ದಂಡೆಯ ರಸ್ತೆ ಖಾಲಿಯಿತ್ತು. ಮಾರ್ನಿ ವೇಗ ಏರಿಸಿ ಎಡಕ್ಕೆಳೆದಳು, ಬಲಕ್ಕೆಳೆದಳು. ಲೆಂಪಿ ಸದ್ದಿಗೆ ಕಿವಿಗೊಡಲಿಲ್ಲ; ಮಗಳ ಮುಖವನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿಯೇ ಇತ್ತು. ಮಾರ್ನಿ ಇನ್ನೊಮ್ಮೆ ಎಡಕ್ಕೆಳೆದಳು, ಇನ್ನೂ ಜೋರಾಗಿ. ಸ್ವಲ್ಪ ಹೊತ್ತು ನೇರ ಓಡಿಸಿದ ಮೇಲೆ ಹುಬ್ಬಿನ ಗಂಟು ಬಿಚ್ಚಿತು. ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿ ಏನೋ ಪಿಸುಗುಟ್ಟಿದಳು.

ಲೆಂಪಿ ಹಿಂತಿರುಗಿ ನೋಡಿದಳು. ಟೆಸ್ ಭುಜದ ಮೇಲೆ ತಲೆ ವಾಲಿಸಿ, ಬಾಯಿ ತೆರೆದು ಮಲಗಿಬಿಟ್ಟಿದ್ದಳು.

ಮನೆಯ ತಿರುವು ಬಂತು. ಮಗುವಿನ ನಿದ್ದೆ ಕೆಡದಿರಲೆಂದು ಮಾರ್ನಿ ತಿರುಗಿಸಲಿಲ್ಲ. ಒಂದು ಪಕ್ಕದಲ್ಲಿ ಸರೋವರದ ಮಂಜುಗಡ್ಡೆ ಒಡೆದು ತೇಲುತ್ತಿತ್ತು. ಕಾರು ಅದರ ಉದ್ದಕ್ಕೂ ಹೋಗುತ್ತಲೇ ಇತ್ತು.